ಮನೆಮಂದಿ ಕಟ್ಟಿಕೊಂಡು ಕಣಿವೆಯ ಅಂಚಿಗೆ: ಟೆಂಟ್ ಎಲ್ಲಿ ಹಾಕಬೇಕು, ಗಾಡಿ ಎಲ್ಲಿಯವರೆಗೆ ಒಯ್ಯಬೇಕು?

ಪ್ರಶ್ನೆ: ನಾವು ಕಾರವಾರದವರು. ನಮ್ಮದು ಜಿಮ್ನಿ, ಭಾವನದ್ದು ಬೊಲೆರೊ. ನಾನು, ಹೆಂಡತಿ, 11 ಮತ್ತು 6 ವರ್ಷದ ಮಕ್ಕಳು, ಅಕ್ಕ-ಭಾವ, ಮೊಣಕಾಲು ನೋವಿರುವ 70ರ ಅಮ್ಮ, ಒಟ್ಟು ಏಳು ಜನ. ಡಿಸೆಂಬರ್‌ನಲ್ಲಿ ಎರಡು ರಾತ್ರಿ, ಮೂರು ಹಗಲು ಸಿಗುತ್ತದೆ. ಜೇನುಕಲ್ಲು ಗುಡ್ಡ, ಮಾಗೋಡು, ಉಂಚಳ್ಳಿ ಕಡೆ ಜನ ಓಡಾಡದ ಕಣಿವೆಯ ಅಂಚಿನಲ್ಲಿ ಟೆಂಟ್ ಹಾಕಿ ಮಲಗಬೇಕೆಂದು ಮಕ್ಕಳ ಆಸೆ. ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ಏನೇನು ಒಯ್ಯಬೇಕು, ಯಾವುದಕ್ಕೆ ಹೆದರಬೇಕು?

ಉತ್ತರ: ಅಂಚಿನಲ್ಲಿ ಮಲಗುವುದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಆಗುವ ಮಾತು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಣಿವೆ ನೋಡುವ ಜಾಗ ಬೇರೆ, ರಾತ್ರಿ ಮಲಗುವ ಜಾಗ ಬೇರೆ ಇರಬೇಕು. ಎರಡನ್ನೂ ಒಂದೇ ಕಡೆ ಮಾಡಹೊರಟರೆ ಕಾನೂನು, ಉಣುಗು (ರಕ್ತ ಹೀರುವ ಉಣ್ಣೆ ಹುಳ), ಹೆಜ್ಜೇನು, ಪ್ರಪಾತ ನಾಲ್ಕೂ ಒಟ್ಟಿಗೆ ಎದುರಾಗುತ್ತವೆ. ಸಂಜೆ ಅಂಚಿನಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಿ, ಕತ್ತಲಾಗುವ ಮೊದಲು ಹಿಂದೆ ಬಂದು, ಯಾರಾದರೂ ಅಡಿಕೆ ತೋಟದವರ ಬೇಣದಲ್ಲೋ (ತೋಟಕ್ಕೆ ಸೇರಿದ ಹುಲ್ಲುಗಾವಲು) ಕೊಯ್ಲಾದ ಗದ್ದೆಯಲ್ಲೋ ಒಪ್ಪಿಗೆ ಪಡೆದು ಮೊದಲೇ ಹಾಕಿಟ್ಟ ಟೆಂಟಿನಲ್ಲಿ ಮಲಗಿ. ಮಕ್ಕಳಿಗೆ ಟೆಂಟಿನ ಖುಷಿ ಅಷ್ಟೇ ಸಿಗುತ್ತದೆ. ಅಮ್ಮನಿಗೆ ಒಂದು ಸೂರು, ಕಮೋಡು ಇರುವ ಮನೆ ಹತ್ತಿರದಲ್ಲೇ ಇರುತ್ತದೆ.

ಕಾನೂನಿನ ಮಾತು ಮೊದಲು ಮುಗಿಸೋಣ. ಬೇಡ್ತಿ, ಅಘನಾಶಿನಿ, ಕಾಳಿ ಹೊಳೆಗಳ ಕಣಿವೆಯ ಅಂಚಿನ ಜಾಗ ಬಹುಪಾಲು ಅರಣ್ಯ ಇಲಾಖೆಯದ್ದು. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು, ಬೆಂಕಿ ಹಾಕುವುದು, ಬೀಡುಬಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. 2011ರಲ್ಲಿ ಬೇಡ್ತಿ ಕಣಿವೆಯನ್ನೂ ಅಘನಾಶಿನಿಯ ಸಿಂಗಳೀಕಗಳ ಕಾಡನ್ನೂ ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಮೇಲೆ ಆ ಭಾಗಕ್ಕೆ 1972ರ ವನ್ಯಜೀವಿ ಕಾಯ್ದೆಯೂ ಸೇರಿಕೊಂಡಿತು. ಜೋಯಿಡಾ, ದಾಂಡೇಲಿ ಕಡೆ ಇನ್ನೂ ಬಿಗಿ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ; ಅಲ್ಲಿ ಕಾಡಿನ ನಡುವೆ ಮಲಗಬೇಕೆಂದರೆ ಕುಳಗಿ, ಅಣಶಿಯಂಥ ಇಲಾಖೆಯ ಪ್ರಕೃತಿ ಶಿಬಿರಗಳೇ ಸರಿಯಾದ ದಾರಿ. ಗೂಗಲ್ ನಕ್ಷೆಯಲ್ಲಿ ಸಣ್ಣ ಗೆರೆ ಕಂಡಿತೆಂದು ಜೀಪು ದಾರಿ ಹಿಡಿಯಬೇಡಿ. ಎಷ್ಟೋ ಗೆರೆಗಳು ಇಲಾಖೆಯವರು ಮರ ಸಾಗಿಸಲು ಮಾಡಿಕೊಂಡ ಹಳೆಯ ದಾರಿಗಳು. ಕೆಲವಕ್ಕೆ ಅಡ್ಡ ಕಂದಕ ತೋಡಿರುತ್ತಾರೆ, ಇನ್ನು ಕೆಲವು ಮಳೆಗಾಲದಲ್ಲಿ ದರೆ (ದಾರಿ ಬದಿಯ ಮಣ್ಣಿನ ಗೋಡೆ) ಕುಸಿದು ಅರ್ಧಕ್ಕೇ ನಿಂತಿರುತ್ತವೆ. ಅನುಮಾನವಿದ್ದರೆ ಯಲ್ಲಾಪುರ ಅಥವಾ ಸಿದ್ದಾಪುರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೊರಡುವ ಎರಡು ದಿನ ಮೊದಲು ಫೋನ್ ಮಾಡಿ ಕೇಳಿ. ಜಲಪಾತಗಳ ಪ್ರವೇಶ ಸಂಜೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದನ್ನೂ ಆಗಲೇ ಕೇಳಿಕೊಂಡುಬಿಡಿ.

ಇನ್ನೊಂದು ನಿಜ ಹೇಳಬೇಕು. ನೀವು ಹೆಸರಿಸಿದ ಮೂರೂ ಜಾಗಗಳ ಹತ್ತಿರದವರೆಗೆ ಸಾಧಾರಣ ಕಾರೇ ಹೋಗುತ್ತದೆ. ಜಿಮ್ನಿಯ ಫೋರ್‌ವೀಲ್‌ಗೆ ಕೆಲಸ ಸಿಗುವುದು ಡಾಂಬರು ಬಿಟ್ಟು ತೋಟದ ಮನೆಗೆ ಇಳಿಯುವ ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ. ನಮ್ಮ ಕಡೆ ಮನೆ, ತೋಟ ಇರುವುದು ಕೊಳ್ಳದಲ್ಲಿ, ರಸ್ತೆ ಇರುವುದು ಗುಡ್ಡದ ನೆತ್ತಿಯಲ್ಲಿ. ನಡುವಿನ ದಾರಿ ಕೆಮ್ಮಣ್ಣು, ಮೇಲೆ ಗೋಲಿಯಂತೆ ಉರುಳುವ ಜಂಬಿಟ್ಟಿಗೆಯ ಹರಳು, ಅದರ ಮೇಲೆ ಒಣ ದರಕು, ಅಂದರೆ ಉದುರಿದ ಎಲೆ. ಎಡಕ್ಕೆ ದರೆ, ಬಲಕ್ಕೆ ಇಳಿಜಾರು. ಫೋರ್‌ವೀಲ್ ಓಡಿಸುವ ನಿಮ್ಮ ಚಪಲ ಅಲ್ಲಿ ಬೇಕಾದಷ್ಟು ತೀರುತ್ತದೆ.

ದಾರಿಯ ಲೆಕ್ಕ ಹೀಗಿಟ್ಟುಕೊಳ್ಳಿ. ಮೊದಲ ದಿನ ಬೆಳಿಗ್ಗೆ 6.30ಕ್ಕೆ ಕಾರವಾರ ಬಿಟ್ಟು ಅಂಕೋಲಾ, ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ. ಸುಮಾರು 100 ಕಿ.ಮೀ.; ಲಾರಿಗಳ ಸಾಲು ಸಿಕ್ಕರೂ 10ರೊಳಗೆ ತಲುಪುತ್ತೀರಿ. ಅಲ್ಲಿ ತಿಂಡಿ, ಪೆಟ್ರೋಲು, ಡೀಸೆಲ್. ಮಧ್ಯಾಹ್ನ ಮಾಗೋಡು: ಬೇಡ್ತಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಇಳಿಯುತ್ತಾಳೆ, ಡಿಸೆಂಬರ್‌ನಲ್ಲಿ ನೀರು ಚೆನ್ನಾಗಿಯೇ ಇರುತ್ತದೆ. ಅಲ್ಲಿಂದ ಹತ್ತಿರದಲ್ಲೇ ಜೇನುಕಲ್ಲು ಗುಡ್ಡ. ಅದು ಪಡುವಣಕ್ಕೆ ಮುಖ ಮಾಡಿದ ಅಂಚು, ಹಾಗಾಗಿ ಸಂಜೆಯೇ ಹೋಗಬೇಕು. ಬೆಳಿಗ್ಗೆ ಹೋದರೆ ಕಣಿವೆ ತುಂಬ ಮಂಜು ತುಂಬಿರುತ್ತದೆ, ಅದೂ ಚೆಂದವೇ, ಆದರೆ ಹೊಳೆ ಕಾಣುವುದಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಸಂಜೆ 6 ದಾಟಿದ ಸ್ವಲ್ಪ ಹೊತ್ತಿಗೆ, ಪೂರ್ತಿ ಕತ್ತಲಾಗಲು ಮುಂದೆ ಅರ್ಧ ಗಂಟೆ. ಸೂರ್ಯ ಮುಳುಗುವ ಹೊತ್ತಿಗೆ ಟೆಂಟ್ ಹಾಕಿ ಆಗಿರಬೇಕು. ಆದ್ದರಿಂದ ಮಾಗೋಡಿನಿಂದ ಗುಡ್ಡಕ್ಕೆ ಹೋಗುವ ಮೊದಲೇ ತೋಟದ ಮನೆಗೆ ಹೋಗಿ, ಟೆಂಟ್ ಎಬ್ಬಿಸಿ, ಅಮ್ಮನಿಗೆ ಒಂದು ತಾಸು ವಿಶ್ರಾಂತಿ ಕೊಟ್ಟು, 4.30ಕ್ಕೆ ಜೇನುಕಲ್ಲಿಗೆ ಹೊರಡಿ. ಈ ಒಂದು ಕ್ರಮ ತಪ್ಪಿದರೆ ಕತ್ತಲಲ್ಲಿ ಕಡಿದಾದ ಕೆಮ್ಮಣ್ಣಿನ ದಾರಿ ಇಳಿಯುವುದು, ಮೊಬೈಲ್ ಬೆಳಕಿನಲ್ಲಿ ಟೆಂಟಿನ ಕಡ್ಡಿ ಹುಡುಕುವುದು, ಮಕ್ಕಳ ಅಳು ಎಲ್ಲ ಒಟ್ಟಿಗೆ ಬರುತ್ತವೆ.

ಎರಡನೆಯ ದಿನ ಯಲ್ಲಾಪುರದಿಂದ ಸಿರ್ಸಿ ಸುಮಾರು 50 ಕಿ.ಮೀ., ಅಲ್ಲಿಂದ ಹೆಗ್ಗರಣೆ ದಾರಿಯಲ್ಲಿ ಉಂಚಳ್ಳಿ. ಅಘನಾಶಿನಿ ಇಲ್ಲಿ 116 ಮೀಟರ್ ಧುಮುಕುತ್ತಾಳೆ. ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು ಊರವರು ಕೆಪ್ಪ ಜೋಗ ಎನ್ನುತ್ತಾರೆ. ಕೆಳಗಿನ ನೋಟಕ್ಕೆ ಮೆಟ್ಟಿಲು ಇಳಿಯಬೇಕು. ಅಮ್ಮನನ್ನು ಕೆಳಗೆ ಇಳಿಸುವ ಹಟ ಬೇಡ. ಇಳಿಯುವಾಗ ಗೊತ್ತಾಗದ ಮೊಣಕಾಲು ಹತ್ತುವಾಗ ಕೈಕೊಡುತ್ತದೆ. ಯಾರಾದರೊಬ್ಬರು ಅವರ ಜೊತೆ ಮೇಲೆ ಕೂರಲಿ, ಪಾಳಿ ಬದಲಿಸಿಕೊಳ್ಳಿ. ಆ ರಾತ್ರಿ ಅದೇ ಸೀಮೆಯಲ್ಲಿ ಉಳಿದು, ಮೂರನೆಯ ದಿನ ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಕಾರವಾರ. ದೇವಿಮನೆ ರಸ್ತೆ ಅಗಲೀಕರಣದ ಕೆಲಸಕ್ಕಾಗಿ ಹಲವು ಸಲ ಮುಚ್ಚಿದೆ, ಹೊರಡುವ ಮೊದಲು ವಿಚಾರಿಸಿ. ಬಂದ್ ಇದ್ದರೆ ಸಿದ್ದಾಪುರದಿಂದ ದೊಡ್ಮನೆ ಘಟ್ಟ ಇದೆ. ಎಲ್ಲ ಸೇರಿ 400 ಕಿ.ಮೀ. ಹತ್ತಿರ ಆಗುತ್ತದೆ. ಜಿಮ್ನಿಯ ಟ್ಯಾಂಕು 40 ಲೀಟರ್. ಘಟ್ಟ, ಮೊದಲ ಗೇರು ಎಲ್ಲ ಸೇರಿ ಲೀಟರಿಗೆ 11ರಂತೆ ಹಿಡಿದರೂ ಒಂದೇ ತುಂಬಿಗೆ ಅಂಚಿನ ಲೆಕ್ಕ. ಸಿರ್ಸಿಯಲ್ಲಿ ಮತ್ತೆ ತುಂಬಿಸಿ, ಕ್ಯಾನಿನಲ್ಲಿ ಪೆಟ್ರೋಲು ಹೊತ್ತು ಮಕ್ಕಳ ಜೊತೆ ಒಳಗೆ ಇಡಬೇಡಿ.

ಗಾಡಿಗೆ ಹೊರೆ ಎಷ್ಟು ಹಾಕಬಹುದು ಎಂದು ಮೊದಲೇ ತೂಗಿಕೊಳ್ಳಿ. ಜಿಮ್ನಿಯಲ್ಲಿ ನಾಲ್ಕೇ ಸೀಟು, ಹಿಂದಿನ ಸೀಟು ಮಡಚದಿದ್ದರೆ ಡಿಕ್ಕಿ 208 ಲೀಟರ್. ಖಾಲಿ ಗಾಡಿಯ ತೂಕ ಸುಮಾರು 1,200 ಕಿಲೊ, ಹೊರೆ ಸಮೇತ ಮಿತಿ 1,545 ಕಿಲೊ. ಅಂದರೆ ಜನ, ಸಾಮಾನು ಸೇರಿ 340 ಕಿಲೊ ಆಸುಪಾಸು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಕೂತರೆ ಅದರಲ್ಲಿ 190ರಷ್ಟು ಹೋಯಿತು. ಆದ್ದರಿಂದ ನೀರು, ಗ್ಯಾಸ್, ಅಡುಗೆ ಪಾತ್ರೆ, ಅಕ್ಕಿಬೇಳೆ ಎಲ್ಲ ಬೊಲೆರೊದಲ್ಲಿ, ಹಿಂದಿನ ಅಚ್ಚಿನ ಮುಂದೆ, ತಳದಲ್ಲಿ ಇರಲಿ. ಬೊಲೆರೊಗೆ ಹಿಂದಿನ ಗಾಲಿಗಳಲ್ಲೇ ಎಳೆತ, ಹಾಗಾಗಿ ಹಿಂದೆ ಸ್ವಲ್ಪ ಭಾರವಿದ್ದರೆ ಏರಿನಲ್ಲಿ ಹಿಡಿತಕ್ಕೆ ಒಳ್ಳೆಯದೇ. ಜಿಮ್ನಿಯ ಚಾವಣಿಯ ಮೇಲೆ ಹಾಸಿಗೆ, ಟೆಂಟಿನಂಥ ಹಗುರ ಸಾಮಾನು ಮಾತ್ರ. ಗಾಡಿ ಅಗಲ ಕಡಿಮೆ, ಎತ್ತರ ಹೆಚ್ಚು. ಓರೆ ದಾರಿಯಲ್ಲಿ ಮೇಲಿನ ಭಾರ ಅದನ್ನು ಕಣಿವೆಯ ಕಡೆಗೇ ವಾಲಿಸುತ್ತದೆ.

ಡಾಂಬರು ಮುಗಿದ ಕೂಡಲೆ ಮಾಡಬೇಕಾದ ಕೆಲಸ ಟೈರಿನ ಗಾಳಿ ಇಳಿಸುವುದು. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುವುದಕ್ಕಿಂತ ಐದರಲ್ಲೊಂದು ಪಾಲು ಕಡಿಮೆ ಮಾಡಿ. 30 ಪಿಎಸ್‌ಐ ಇದ್ದರೆ 24 ಸಾಕು. ಟೈರು ಅಗಲವಾಗಿ ಹರಳನ್ನು ಅಪ್ಪುತ್ತದೆ, ಜಾರುವುದೂ ಕುಲುಕುವುದೂ ಕಡಿಮೆಯಾಗುತ್ತದೆ. 18ಕ್ಕಿಂತ ಕೆಳಗೆ ಇಳಿಸಿ ಕಲ್ಲಿನ ಮೇಲೆ ಸ್ಟೇರಿಂಗ್ ತಿರುಗಿಸಿದರೆ ಟ್ಯೂಬ್‌ಲೆಸ್ ಟೈರು ರಿಮ್ಮಿನಿಂದ ಬಿಟ್ಟುಕೊಳ್ಳಬಹುದು. ಇಳಿಸಿದ ಗಾಳಿಯಲ್ಲಿ 40 ಕಿ.ಮೀ. ವೇಗ ದಾಟಬೇಡಿ, ಡಾಂಬರಿಗೆ ಬಂದಾಗ ಮತ್ತೆ ತುಂಬಿಸಿ. ಗಾಳಿ ತುಂಬುವ ಕಂಪ್ರೆಸರ್ ಬ್ಯಾಟರಿಗೇ ಕ್ಲಿಪ್ ಹಾಕುವಂಥದ್ದಿರಲಿ. ಸಿಗರೇಟು ಲೈಟರಿನ ಸಾಕೆಟ್ಟಿಗೆ ಚುಚ್ಚುವ ಅಗ್ಗದವು ಎರಡನೆಯ ಟೈರಿಗೇ ಫ್ಯೂಸ್ ಸುಡುತ್ತವೆ. ಎರಡೂ ಗಾಡಿಯ ಸ್ಟೆಪ್ನಿಯ ಗಾಳಿ, ಜಾಕು, ವೀಲ್ ಸ್ಪ್ಯಾನರ್ ಮನೆಯಲ್ಲೇ ನೋಡಿಕೊಳ್ಳಿ. ಜಾಕಿನ ಕೆಳಗೆ ಇಡಲು ಒಂದು ಅಡಿ ಚೌಕದ ಹಲಗೆ ಬೇಕು, ಇಲ್ಲದಿದ್ದರೆ ಮೆತ್ತನೆ ಮಣ್ಣಿನಲ್ಲಿ ಗಾಡಿ ಏಳುವ ಬದಲು ಜಾಕೇ ಇಳಿಯುತ್ತದೆ.

ಜಿಮ್ನಿಯನ್ನು 2ಎಚ್‌ನಿಂದ (ಎರಡೇ ಗಾಲಿಗೆ ಎಳೆತ) 4ಎಚ್‌ಗೆ (ನಾಲ್ಕೂ ಗಾಲಿಗೆ ಎಳೆತ) ಓಡುತ್ತಿರುವಾಗಲೂ ಹಾಕಬಹುದು. ನಾಲ್ಕೂ ಗಾಲಿಗೆ ಕಡಿಮೆ ವೇಗದಲ್ಲಿ ಹೆಚ್ಚು ಬಲ ಕೊಡುವ 4ಎಲ್‌ಗೆ ಮಾತ್ರ ಗಾಡಿ ಪೂರ್ತಿ ನಿಲ್ಲಬೇಕು, ಗೇರು ನ್ಯೂಟ್ರಲ್‌ನಲ್ಲಿರಬೇಕು. ಒಣ ಡಾಂಬರಿನಲ್ಲಿ ಫೋರ್‌ವೀಲ್ ಹಾಕಿ ತಿರುವು ತೆಗೆಯಬೇಡಿ. ಮುಂದಿನ, ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಎಳೆತ ಒಳಗೇ ಸಿಕ್ಕಿ ಗಾಡಿ ತಡೆತಡೆದು ಓಡುತ್ತದೆ, ಗೇರುಪೆಟ್ಟಿಗೆಗೆ ಏಟು. ಪೆಟ್ರೋಲ್ ಎಂಜಿನ್ನಿಗೆ ಕಡಿಮೆ ಸುತ್ತಿನಲ್ಲಿ ಬಲ ಕಡಿಮೆ. ಕಡಿದಾದ ಏರನ್ನು 4ಎಚ್‌ನಲ್ಲಿ ಅರ್ಧ ಕ್ಲಚ್ಚಿನಲ್ಲಿ ಹತ್ತಿಸುವವರು ಎರಡೇ ಏರಿಗೆ ಕ್ಲಚ್ ಪ್ಲೇಟ್ ಸುಟ್ಟುಕೊಳ್ಳುತ್ತಾರೆ. ಕಡಿದಾದ ಏರು ಶುರುವಾಗುವ ಮೊದಲೇ ಸಮತಟ್ಟಿನಲ್ಲಿ ನಿಂತು 4ಎಲ್ ಹಾಕಿ, ಎರಡನೆಯ ಗೇರಿನಲ್ಲಿ ಹತ್ತಿ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಇದನ್ನು ಹೊಸಬರು ನಂಬುವುದಿಲ್ಲ. 4ಎಲ್, ಮೊದಲ ಗೇರು, ಕಾಲು ಕ್ಲಚ್ಚಿನಿಂದ ದೂರ. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕಿಗೆ ಮೆಲ್ಲನೆ ಮುಟ್ಟಿದರೆ ಸಾಕು. ಹರಳಿನ ಮೇಲೆ ಗಾಲಿ ಜಾರಲು ಶುರುವಾದರೆ ಬ್ರೇಕು ಬಿಗಿಹಿಡಿಯುವ ಬದಲು ಬಿಡಬೇಕು, ಗಾಲಿ ತಿರುಗಿದರೆ ಮಾತ್ರ ಸ್ಟೇರಿಂಗ್ ಮಾತು ಕೇಳುತ್ತದೆ. ಇಳಿಜಾರಿಗೆಂದು ಗಾಡಿಯಲ್ಲಿ ಕೊಟ್ಟಿರುವ ಹಿಲ್ ಡಿಸೆಂಟ್ ಬಟನ್ ಬ್ರೇಕಿನಿಂದಲೇ ಕೆಲಸ ಮಾಡುತ್ತದೆ, ಉದ್ದ ಇಳಿಜಾರಿನಲ್ಲಿ ಅದರ ಮೇಲೆಯೇ ಭಾರ ಹಾಕಬೇಡಿ. ಬೊಲೆರೊಗೆ 4ಎಲ್ ಇಲ್ಲ. ಮೊದಲ ಗೇರಿನಲ್ಲೇ ಇಳಿಸಬೇಕು. ಪೆಡಲ್ ಮೆತ್ತಗಾದರೆ, ಸುಟ್ಟ ವಾಸನೆ ಬಂದರೆ ಗಾಲಿಗೆ ಕಲ್ಲು ಕೊಟ್ಟು 20 ನಿಮಿಷ ನಿಲ್ಲಿಸಿ. ಬಿಸಿ ಡಿಸ್ಕಿಗೆ ನೀರು ಎರಚಿದರೆ ಅದು ಸೊಟ್ಟಾಗುತ್ತದೆ. ಇನ್ನೊಂದು ನಿಯಮ: ಇಳಿಯುವ ಮೊದಲು ಒಬ್ಬರು ನಡೆದು ಹೋಗಿ ನೋಡಿ ಬರಬೇಕು, ಬೊಲೆರೊ ಇದೇ ದಾರಿಯಲ್ಲಿ ತಿರುಗಿ ಹತ್ತೀತೇ ಎಂದು. ಹತ್ತುವುದು ಅನುಮಾನವಾದರೆ ಬೊಲೆರೊ ಮೇಲೆಯೇ ನಿಲ್ಲಲಿ, ಜಿಮ್ನಿ ಎರಡು ಸಲ ಓಡಾಡಲಿ.

ದರಕು ತುಂಬಿದ ದಾರಿಯಲ್ಲಿ ಮಳೆನೀರು ಕೊರೆದ ಚರಂಡಿ ಕಾಣುವುದಿಲ್ಲ. ಒಂದು ಗಾಲಿ ಅದರಲ್ಲಿ ಬಿದ್ದರೆ ಗಾಡಿಯ ಹೊಟ್ಟೆ ದಿಬ್ಬಕ್ಕೆ ತಾಗಿ ಕೂರುತ್ತದೆ. ಚರಂಡಿ ಕಂಡರೆ ಅದು ಎರಡು ಗಾಲಿಗಳ ನಡುವೆ ಬರುವಂತೆ ಓಡಿಸಿ, ಅಥವಾ ಗಾಲಿಗಳನ್ನು ಅದರ ಎರಡೂ ದಿಬ್ಬಗಳ ಮೇಲೆ ಇಡಿ. ಇಂಥ ಕಡೆ ಮಕ್ಕಳು, ಅಮ್ಮ ಇಳಿದು ದರೆಯ ಕಡೆ, ಗಾಡಿಗಿಂತ ಮೇಲೆ ನಿಲ್ಲಬೇಕು. ಇಳಿಜಾರಿನ ಕಡೆ ಯಾರೂ ಬೇಡ, ದಾರಿ ತೋರಿಸುವವರೂ ಬೇಡ. ದಾರಿ ತೋರಿಸಲು ಒಬ್ಬರೇ ಇರಲಿ, ಮೂರು ಜನ ಮೂರು ದಿಕ್ಕಿಗೆ ಕೈ ಬೀಸಿದರೆ ಡ್ರೈವರು ಯಾರದ್ದನ್ನೂ ನೋಡುವುದಿಲ್ಲ.

ಹಳ್ಳ ದಾಟುವಲ್ಲಿ ಮೊದಲು ಕಾಲಿನಿಂದ ಅಳೆಯಿರಿ. ಹರಿಯುವ ನೀರು ದೊಡ್ಡವರ ಮೀನಖಂಡದ ನಡುಭಾಗ ಮುಟ್ಟಿದರೆ ವಾಪಸು. ಜಿಮ್ನಿಗೆ ಕಂಪನಿ ಹೇಳುವ ಮಿತಿಯೇ 300 ಮಿ.ಮೀ., ಅಂದರೆ ಒಂದು ಅಡಿ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಚಾವಿ ತಿರುಗಿಸಬಾರದು. ಸಿಲಿಂಡರಿಗೆ ನೀರು ನುಗ್ಗಿದ್ದರೆ ಆ ಒಂದು ತಿರುವಿಗೇ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಗ್ಗ ಹಾಕಿ ಎಳೆದು ತಂದು ಏರ್ ಫಿಲ್ಟರ್ ಬಿಚ್ಚಿ ನೋಡಿ. ಕಾಳಿ ಹೊಳೆಯ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು: ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿಂದ ವಿದ್ಯುತ್ತಿಗಾಗಿ ನೀರು ಬಿಡುತ್ತಾರೆ, ಮಳೆಯ ಸುಳಿವಿಲ್ಲದೆ ಮಟ್ಟ ಏರುತ್ತದೆ. ಮುಂದೆಂದಾದರೂ ಆ ಕಡೆ ಹೋದರೆ ಹೊಳೆಯ ಮರಳಿನಲ್ಲಿ ಟೆಂಟ್ ಹಾಕಬೇಡಿ.

ಎಳೆಯುವ ಸಾಮಾನಿನಲ್ಲಿ ಜಿಪುಣತನ ಮಾಡಬೇಡಿ. 20–22 ಮಿ.ಮೀ. ದಪ್ಪ, 9 ಮೀಟರ್ ಉದ್ದದ ಹಿಗ್ಗುವ ನೈಲಾನ್ ಹಗ್ಗ ಒಂದು, 3.25 ಟನ್ ಗುರುತಿನ ಶಾಕಲ್ ಎರಡು, ಗಾಲಿಯ ಕೆಳಗೆ ಕೊಡುವ ಪ್ಲಾಸ್ಟಿಕ್ ಹಲಗೆ ಎರಡು, ಗಟ್ಟಿ ಸನಿಕೆ, ಒಂದು ಕತ್ತಿ. ಮರ ಬಿದ್ದು ದಾರಿ ಮುಚ್ಚಿದ್ದರೆ ಕಡಿಯಬೇಡಿ, ಊರವರನ್ನು ಕರೆಯಿರಿ. ಕತ್ತಿ ಬೇಕಾಗುವುದು ಬಳ್ಳಿ, ಬಿದ್ದ ಸೋಗೆ ತೆಗೆಯಲು. ಹಗ್ಗ ಹಾಕುವುದು ಚಾಸಿಗೆ ಸೇರಿದ ಟೋ ಹುಕ್ಕಿಗೆ ಮಾತ್ರ. ಬಂಪರಿಗೆ, ಅಚ್ಚಿಗೆ, ಹಿಂದೆ ಹಾಕಿಸಿದ ಗುಂಡಿನ ಹಿಡಿಗೆ (ಟೋ ಬಾಲ್) ಕಟ್ಟಿದರೆ ಕಿತ್ತುಬಂದ ಕಬ್ಬಿಣ ಗುಂಡಿನಂತೆ ಹಾರುತ್ತದೆ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಸಿ, ಎಲ್ಲರೂ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಲಿ. ಎಳೆಯುವ ಮೊದಲು ಹತ್ತು ನಿಮಿಷ ಸನಿಕೆ ಹಿಡಿದು ಗಾಲಿಯ ಮುಂದಿನ ಮಣ್ಣು ತೆಗೆದರೆ ಅರ್ಧಕ್ಕರ್ಧ ಸಂದರ್ಭದಲ್ಲಿ ಹಗ್ಗವೇ ಬೇಡವಾಗುತ್ತದೆ.

ಈಗ ಟೆಂಟಿನ ಜಾಗ. ಡಿಸೆಂಬರ್ ಅಂದರೆ ಅಡಿಕೆ ಕೊನೆಕೊಯ್ಲಿನ ಕಾಲ. ಮನೆಯಂಗಳದಲ್ಲಿ ಅಡಿಕೆ ಹರಡಿರುತ್ತದೆ, ಸುಲಿಯುವವರು ರಾತ್ರಿ ತನಕ ಕೂತಿರುತ್ತಾರೆ. ಅಂಗಳ ಸಿಗುತ್ತದೆಂದು ನಂಬಿ ಹೋಗಬೇಡಿ. ಮೊದಲೇ ಫೋನ್ ಮಾಡಿ ಬೇಣವೋ ಗದ್ದೆಯೋ ಎಂದು ಮಾತಾಡಿಕೊಳ್ಳಿ. ಜಾಗಕ್ಕೆ, ಊಟಕ್ಕೆ ದುಡ್ಡು ಎಷ್ಟೆಂದೂ ಆಗಲೇ ಮಾತಾಗಲಿ, ಕೊನೆಗೆ ಕೇಳಿದರೆ ಅವರು ಹೇಳಲು ಸಂಕೋಚಪಡುತ್ತಾರೆ. ಗದ್ದೆಯಲ್ಲಿ ಇಬ್ಬನಿ ಜಾಸ್ತಿ, ಬೆಳಗಿನ ಜಾವ ಟೆಂಟಿನ ಹೊರಪದರ ತೊಯ್ದು ತೊಟ್ಟಿಕ್ಕುತ್ತದೆ. ಸ್ವಲ್ಪ ಎತ್ತರದ ಬೇಣ ಒಳ್ಳೆಯದು, ಆದರೆ ಒಣ ಕರಡವನ್ನು (ಬೇಣದ ಹುಲ್ಲನ್ನು) ಟೆಂಟಿನ ಸುತ್ತ ಎರಡು ಮೀಟರ್ ಸವರಿಸಬೇಕು, ಉಣುಗಿಗೂ ಬೆಂಕಿಗೂ ಅದೇ ಮನೆ. ತೆಂಗಿನ ಮರದ ಕೆಳಗೆ, ಒಣಗೊಂಬೆ ಇರುವ ಮರದ ಕೆಳಗೆ ಬೇಡ. ತೋಟದೊಳಗೆ ಬೇಡವೇ ಬೇಡ: ಅಡಿಕೆ ಮರದ ಹೆಡೆ (ಸೋಗೆ) ಬಿದ್ದರೆ ಟೆಂಟಿನ ಬಟ್ಟೆ ಹರಿದು ಒಳಗಿದ್ದವರಿಗೆ ಏಟು ಬೀಳುತ್ತದೆ.

ಜಂಬಿಟ್ಟಿಗೆ ಹಾಸಿನಲ್ಲಿ ಟೆಂಟಿನ ಜೊತೆ ಕೊಡುವ ಅಲ್ಯೂಮಿನಿಯಂ ಗೂಟ ಮೊದಲ ಏಟಿಗೇ ಬಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 8 ಇಂಚಿನ ಮೊಳೆ 16 ತೆಗೆದುಕೊಳ್ಳಿ, ತಲೆಗೆ ವಾಶರ್ ಹಾಕಿ. ಅದೂ ಇಳಿಯದಿದ್ದರೆ ಮಣ್ಣು ತುಂಬಿದ ಚೀಲಗಳಿಗೆ ಹಗ್ಗ ಕಟ್ಟಿ. ಕೆಳಗೆ ಹಾಸುವ ತಾಡಪತ್ರಿ ಟೆಂಟಿನ ತಳಕ್ಕಿಂತ ಎಲ್ಲ ಕಡೆ ಒಂದು ಗೇಣು ಒಳಗೇ ಇರಬೇಕು. ಹೊರಗೆ ಚಾಚಿದರೆ ಇಬ್ಬನಿ ಅದರ ಮೇಲೆ ಇಳಿದು ನೇರ ಹಾಸಿಗೆಯ ಕೆಳಗೆ ಹರಿಯುತ್ತದೆ. ಟೆಂಟ್ ಒಳಗಿನಿಂದಲೂ ಒದ್ದೆಯಾಗುತ್ತದೆ: ನಾಲ್ಕು ಜನರ ಉಸಿರು ತಣ್ಣನೆ ಬಟ್ಟೆಗೆ ತಾಗಿ ನೀರಾಗುತ್ತದೆ, ಚಳಿಯೆಂದು ಕಿಟಕಿ ಮುಚ್ಚಿದಷ್ಟೂ ಹೆಚ್ಚು. ಮೇಲಿನ ಗಾಳಿಕಿಂಡಿ ತೆರೆದೇ ಇರಲಿ. ಘಟ್ಟದ ಮೇಲೆ ಡಿಸೆಂಬರ್ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಕಾರವಾರದ ಸೆಕೆಗೆ ಒಗ್ಗಿದ ಮೈಗೆ ಇದು ಚಳಿಯೇ. ತಲೆಗೆ ಟೋಪಿ, ಕಾಲುಚೀಲ, ಒಬ್ಬರಿಗೊಂದು ಕಂಬಳಿ, ಅದಕ್ಕಿಂತ ಮುಖ್ಯವಾಗಿ ಮೈ ಕೆಳಗೆ ದಪ್ಪ ಫೋಮಿನ ಹಾಸು. ಚಳಿ ನೆಲದಿಂದ ಬರುತ್ತದೆ, ಎರಡು ಕಂಬಳಿ ಹೊದ್ದರೂ ಹಾಸು ತೆಳುವಾದರೆ ನಿದ್ದೆ ಬರುವುದಿಲ್ಲ.

ಅಂಚಿನಲ್ಲಿ ನಿಲ್ಲುವ ರೀತಿಯೂ ಗೊತ್ತಿರಬೇಕು. ಮಳೆಗಾಲದಲ್ಲಿ ಅಂಚಿನ ಮಣ್ಣು ಕೊಚ್ಚಿಹೋದರೂ ಹುಲ್ಲಿನ ಬೇರು ಹೆಣೆದುಕೊಂಡು ಚಪ್ಪರದಂತೆ ಹೊರಗೆ ಚಾಚಿರುತ್ತದೆ. ಮೇಲಿಂದ ನೋಡಿದರೆ ಗಟ್ಟಿ ನೆಲ, ಕೆಳಗೆ ಏನೂ ಇಲ್ಲ. ನೆಲದಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಅದರಾಚೆಗಿನ ತುಂಡು ಕಳಚಲು ಕಾಯುತ್ತಿದೆ ಎಂದೇ ತಿಳಿಯಿರಿ. ಈ ಸೀಮೆಯ ದಪ್ಪ ಕೆಮ್ಮಣ್ಣು ನೀರು ಕುಡಿದಾಗ ಹೇಗೆ ಜಾರುತ್ತದೆಂಬುದನ್ನು 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲೂ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲೂ ಜಿಲ್ಲೆ ನೋಡಿದೆ. ಕಟಾಂಜನ ಇರುವಲ್ಲಿ ಅದರ ಒಳಗೇ ಇರಿ. ಇಲ್ಲದ ಕಡೆ ಅಂಚಿನಿಂದ 5 ಮೀಟರ್ ಹಿಂದೆ ಒಂದು ಗುರುತು ಹಾಕಿ, ಮಕ್ಕಳಿಗೆ ಅದೇ ಗಡಿ. ಆರು ವರ್ಷದ್ದರ ಕೈ ಒಬ್ಬರು ಹಿಡಿದೇ ಇರಬೇಕು, ಫೋಟೊ ತೆಗೆಯುವವರು ಹಿಡಿದವರಾಗಬಾರದು. ಗಾಡಿ ನಿಲ್ಲಿಸುವಾಗ ಮೂತಿ ವಾಪಸು ಹೋಗುವ ದಾರಿಗೆ ತಿರುಗಿಸಿ, ಹ್ಯಾಂಡ್‌ಬ್ರೇಕಿನ ಜೊತೆ ಮೊದಲ ಗೇರು, ಗಾಲಿಗೆ ಕಲ್ಲು. ಕಲ್ಲು ತೆಗೆಯುವುದನ್ನು ಮರೆಯಬೇಡಿ, ಹಾಗೂ ತೆಗೆದ ಕಲ್ಲನ್ನು ದಾರಿಯ ನಡುವೆ ಬಿಡಬೇಡಿ.

ಜೇನುಕಲ್ಲು ಗುಡ್ಡ ಅಂದಮೇಲೆ ಹೆಜ್ಜೇನಿನ ಮಾತು ಬಂದೇ ಬರುತ್ತದೆ. ಬಂಡೆಯ ಮುಖಕ್ಕೆ, ಎತ್ತರದ ಮರಗಳಿಗೆ ಗೂಡು ಕಟ್ಟಿರುತ್ತವೆ. ಹೊಗೆ, ಘಾಟು ಸೆಂಟು, ಗೂಡಿನ ಹತ್ತಿರ ಹಾರುವ ಡ್ರೋನು, ಕಲ್ಲೆಸೆತ ಇವು ನಾಲ್ಕೂ ಅವನ್ನು ಎಬ್ಬಿಸುತ್ತವೆ. ಎದ್ದರೆ ನಿಂತು ಕೈ ಬೀಸಬೇಡಿ. ಟವೆಲ್ಲಿನಿಂದ ಮುಖ ಮುಚ್ಚಿ, ಮಕ್ಕಳನ್ನೆತ್ತಿ ಅಂಚಿನ ವಿರುದ್ಧ ದಿಕ್ಕಿಗೆ, ಗಾಡಿಯೊಳಗೆ ಓಡಿ ಗಾಜು ಏರಿಸಿ. ಒಳಗೆ ಬಂದ ನಾಲ್ಕಾರು ಹುಳ ಹೊರಗಿನ ಸಾವಿರಕ್ಕಿಂತ ವಾಸಿ. ಮುಳ್ಳನ್ನು ಬೇಗ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ-ನಾಲಗೆ ಊದಿದರೆ ಅರ್ಧ ನಿಮಿಷವೂ ಕಾಯದೆ ಆಸ್ಪತ್ರೆಗೆ. ಡ್ರೋನಿನ ಆಸೆ ಇದ್ದರೆ ಮನೆಯಲ್ಲೇ ಬಿಟ್ಟುಬನ್ನಿ. ಕೈಗಾ ಅಣುಸ್ಥಾವರ, ಕದಂಬ ನೌಕಾನೆಲೆ ಇರುವ ಜಿಲ್ಲೆ ಇದು, ಹುಲಿ ಸಂರಕ್ಷಿತ ಪ್ರದೇಶ ಬೇರೆ.

ನೀವು ಕೇಳದಿದ್ದರೂ ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಮಂಗನ ಕಾಯಿಲೆಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಸಿದ್ದಾಪುರ, ಹೊನ್ನಾವರ ಕಡೆ ಇಂದಿಗೂ ಬರುತ್ತಲೇ ಇದೆ. ಹರಡುವುದು ಉಣುಗು. ಮಳೆಗಾಲ ಮುಗಿದ ಮೇಲೆ ದರಕಿನಲ್ಲಿ ಸಾಸಿವೆಕಾಳಿಗಿಂತ ಸಣ್ಣ ಮರಿ ಉಣುಗು ಹೆಚ್ಚುತ್ತದೆ. ಜನವರಿಯಿಂದ ಏಪ್ರಿಲ್ ತನಕ ಕಾಯಿಲೆಯ ಜೋರು. ಅದಕ್ಕೇ ಡಿಸೆಂಬರ್ ಮೊದಲ ವಾರಗಳು ಪ್ರವಾಸಕ್ಕೆ ಪರವಾಗಿಲ್ಲ, ಫೆಬ್ರವರಿಗೆ ಮುಂದೂಡಬೇಡಿ. ಆ ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಈ ವರ್ಷ ಹತ್ತಿರದಲ್ಲಿ ಪ್ರಕರಣ ಬಂದಿದೆಯೇ, ಮಂಗ ಸತ್ತಿದೆಯೇ ಎಂದು ಕೇಳಿ. ಹೌದೆಂದರೆ ಜಾಗ ಬದಲಿಸಿ. ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಅಲ್ಲೇ ಸಿಗುತ್ತದೆ, ಕಾಡಿಗೆ ಕಾಲಿಡುವ ಮೊದಲು ಕೈಕಾಲಿಗೆ ಹಚ್ಚಬೇಕು. ಚಿಕ್ಕವನಿಗೆ ಎಷ್ಟು, ಹೇಗೆ ಎಂಬುದನ್ನು ಅವರಲ್ಲೇ ಕೇಳಿ. ತುಂಬುತೋಳು, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ತಿಳಿಬಣ್ಣದ ಬಟ್ಟೆ. ದರಕಿನ ಮೇಲೆ ಕೂರುವುದು, ಒರಗುವುದು ಬೇಡ, ಮಡಚುವ ಕುರ್ಚಿ ಒಯ್ಯಿರಿ. ಸಂಜೆ ಟೆಂಟಿಗೆ ಬಂದ ಮೇಲೆ ಬಟ್ಟೆ ಬದಲಿಸಿ, ಬಿಸಿನೀರಿನಲ್ಲಿ ಸೋಪು ಹಚ್ಚಿ ಮಿಂದು, ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗ, ತೊಡೆಸಂದು ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ, ಉಗುರಿನಲ್ಲಿ ಜಜ್ಜುವುದು ಯಾವುದೂ ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ, ಟೆಂಟ್ ಎತ್ತಿ.

ಹಾವಿಗೆ ಟಾರ್ಚು ಮತ್ತು ಬೂಟು, ಎರಡೇ ಮದ್ದು. ರಾತ್ರಿ ಮೂತ್ರಕ್ಕೆದ್ದವರು ಒಬ್ಬರೇ ಹೋಗಬಾರದು, ಬೂಟು ಕೊಡವಿ ಹಾಕಿಕೊಳ್ಳಬೇಕು. ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ನಾಟಿ ಮದ್ದಿಗೆ ಅಲೆಯಬೇಡಿ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗದಂತೆ ಕೋಲು ಕಟ್ಟಿ, ನಡೆಸದೆ ಎತ್ತಿಕೊಂಡು ತಾಲೂಕು ಆಸ್ಪತ್ರೆಗೆ. ಸಿರ್ಸಿಯಲ್ಲಿ ಪಂಡಿತ ಆಸ್ಪತ್ರೆ, ಕಾರವಾರದಲ್ಲಿ ಕ್ರಿಮ್ಸ್. ಯಲ್ಲಾಪುರದಿಂದ ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆಗೆ (ಹಿಂದಿನ ಕಿಮ್ಸ್) ನೇರ ಹೆದ್ದಾರಿ. ಕಣಿವೆಯಲ್ಲಿ ಸಿಗ್ನಲ್ ಸಿಗುವುದು ಅಪರೂಪ, ಸಿಕ್ಕರೆ ಬಿಎಸ್‌ಎನ್‌ಎಲ್. ಒಂದು ಆ ಸಿಮ್ ಇರಲಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ, ಎಲ್ಲಿ ಸಿಗ್ನಲ್ ಬರುತ್ತದೆಂದು ತೋಟದ ಮನೆಯವರಿಂದ ತಿಳಿದುಕೊಳ್ಳಿ. 108, 112 ಎರಡೂ ಅಲ್ಲಿಂದಲೇ.

ಅಡುಗೆಗೆ ಕಟ್ಟಿಗೆ ಬೆಂಕಿ ಬೇಡ. 5 ಕಿಲೊ ಸಿಲಿಂಡರು, ಒಂದು ಒಲೆ, ಗಾಳಿಗೆ ಮರೆ. ಸಿಲಿಂಡರು ಬೊಲೆರೊದಲ್ಲಿ ನೆಟ್ಟಗೆ ಕಟ್ಟಿರಲಿ, ಟೆಂಟಿನೊಳಗೆ ಯಾವತ್ತೂ ಒಲೆ ಹಚ್ಚಬೇಡಿ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರ್. ಏಳು ಜನಕ್ಕೆ 20 ಲೀಟರಿನ ಎರಡು ಕ್ಯಾನು ಒಂದು ದಿನಕ್ಕೆ, ಮತ್ತೆ ಬಾವಿಯಲ್ಲಿ ತುಂಬಿಸಿ ಕುದಿಸಿ. ಮಧ್ಯಾಹ್ನಕ್ಕೆ ಒಲೆ ಹಚ್ಚುವ ಗೋಜೇ ಬೇಡ, ಅವಲಕ್ಕಿ-ಮೊಸರು, ಚಪಾತಿ ಸಾಕು. ರಾತ್ರಿ ಉಳಿದ ಅನ್ನ, ಬಾಳೆಹಣ್ಣು, ಕಸದ ಚೀಲ ಎಲ್ಲ ಗಾಡಿಯೊಳಗೆ. ಟೆಂಟಿನ ಬಳಿ ಬಿಟ್ಟರೆ ಹಂದಿ ಬರುತ್ತದೆ, ಈ ಕಾಡುಗಳಲ್ಲಿ ಕರಡಿಯೂ ಇದೆ. ಕಸ ಪೂರ್ತಿ ಕಾರವಾರಕ್ಕೇ ವಾಪಸು.

ಮನೆಗೆ ಬಂದ ಮೇಲೆ ಎರಡು ಕೆಲಸ ಬಾಕಿ ಇರುತ್ತದೆ. ಗಾಡಿಯ ಕೆಳಭಾಗವನ್ನು ನೀರಿನ ಒತ್ತಡದಲ್ಲಿ ತೊಳೆಸಿ, ಎಕ್ಸಾಸ್ಟ್ ಸುತ್ತ ಸಿಕ್ಕ ಒಣ ಹುಲ್ಲು ತೆಗೆಸಿ, ಏರ್ ಫಿಲ್ಟರ್ ಬಿಚ್ಚಿ ನೋಡಿ; ಹಳ್ಳ ದಾಟಿದ್ದರೆ ಡಿಫರೆನ್ಷಿಯಲ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯೇ ಎಂದು ಗ್ಯಾರೇಜಿನಲ್ಲಿ ಕೇಳಿ. ಮಂಗನ ಕಾಯಿಲೆಯ ಜ್ವರ ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಕಾಣಿಸಿಕೊಳ್ಳುತ್ತದೆ. ಎರಡು ವಾರ ಯಾರಿಗಾದರೂ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಪ್ಯಾರಾಸಿಟಮಾಲ್ ನುಂಗಿ ಕಾಯದೆ ವೈದ್ಯರ ಬಳಿ ಹೋಗಿ, ಎಲ್ಲಿ ಮಲಗಿದ್ದಿರಿ ಎಂದು ಊರಿನ ಹೆಸರು ಸಮೇತ ಹೇಳಿ.